ಕತ್ತರಿ ಹಿಡಿಯುವ ಕೈ

ನಮ್ಮವರಲ್ಲಿ ಕುರಿಯ ಉಣ್ಣೆ ಕತ್ತರಿಸುವವನ ಕತ್ತರಿಯನ್ನು ಇನ್ನೊಬ್ಬ ಹಿಡಿಯುವುದಿಲ್ಲ. ಹಿಡಿಗೆ ಸುತ್ತಿದ ಬಟ್ಟೆ ಅವನ ಬೆರಳಿಗೇ ಒಗ್ಗಿರುತ್ತದೆ. ಇದನ್ನು ನನಗೆ ಹೇಳಿಕೊಟ್ಟಿದ್ದು ನನ್ನ ಅಣ್ಣ.

ಊರೂರು ಸುತ್ತಿ ಕುರಿಯ ಉಣ್ಣೆ ಕತ್ತರಿಸುವ ಗುಂಪು ನಮ್ಮದು. ಅಣ್ಣನೇ ಮೇಸ್ತ್ರಿ. ಕೂಟಗಲ್ ಹತ್ತಿರ ಒಂದು ಟಗರನ್ನು ಕೆಡವುವಾಗ ಒದೆ ತಿಂದು ಬಂಡೆ ಮೇಲೆ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಹಾಕಿದ್ದ ಪ್ಲಾಸ್ಟರ್ ಪಟ್ಟಿ ಬಿಚ್ಚಿದಾಗ ನೀರಿನ ಚೊಂಬು ಎತ್ತಲೂ ಆಗಲಿಲ್ಲ. ನನಗೆ ಬರುವುದು ಇದೊಂದೇ ಕೆಲಸ. ಹಿಡಿತ ಹೋದರೆ ಗುಂಪಿನಲ್ಲಿ ಜಾಗ ಹೋಯಿತು.

"ನಿನ್ ಜಾಗ ಎಲ್ಲೂ ಹೋಗಾಕಿಲ್ಲ ಕಣ್ಲಾ. ಮೊದ್ಲು ಕೈ ಗಟ್ಟಿ ಮಾಡ್ಕೊ" ಎಂದ ಅಣ್ಣ. ನನ್ನ ಕತ್ತರಿಯನ್ನು ತನ್ನ ಚೀಲದಲ್ಲಿ ಇಟ್ಟುಕೊಂಡ.

ರಾಮನಗರದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಒಂದು ಚೆಂಡು ಕೊಟ್ಟು ಹಿಂಡು ಎಂದರು. ಆಮೇಲೆ ಬೆರಳಿಗೆ ರಬ್ಬರ್ ಹಾಕಿ ಅಗಲಿಸುವುದು. ಆಮೇಲೆ ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಮರಳಿನ ಬಕೆಟ್ ಇಳಿಬಿಟ್ಟು, ಮಣಿಕಟ್ಟು ತಿರುಗಿಸುತ್ತಾ ಮೇಲಕ್ಕೆ ಸುತ್ತುವುದು. ಮರಳು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು, ನೋವಾದರೆ ನಿಲ್ಲಿಸಬೇಕು. ಜಗಲಿ ಮೇಲೆ ನಿಂತು ಇದನ್ನು ಮಾಡುತ್ತಿದ್ದರೆ ಪಕ್ಕದ ಮನೆಯ ಅಜ್ಜಿ ಕೇಳುತ್ತಿದ್ದಳು: "ಏನ್ಲಾ, ಬಾವಿ ಇಲ್ದೇನೆ ನೀರ್ ಸೇದ್ತಿದ್ದೀಯಾ?"

ಸಂಜೆ ಅಣ್ಣ ಬಂದು ಕೈ ಚಾಚುತ್ತಿದ್ದ. "ಹಿಂಡ್ಲಾ." ಹಿಂಡುತ್ತಿದ್ದೆ. "ಸಾಲ್ದು ಕಣ್ಲಾ. ನಿಮ್ಮತ್ತಿಗೆ ಹಾಲು ಕರಿಯೋವಾಗ ಇದುಕ್ಕಿಂತ ಗಟ್ಟಿಯಾಗಿ ಹಿಂಡ್ತಾಳೆ." ತಾನೇ ಬಕೆಟ್‌ಗೆ ಇನ್ನೊಂದಿಷ್ಟು ಮರಳು ಸುರಿದು ಹೋಗುತ್ತಿದ್ದ.

ಕೊನೆಗೊಂದು ದಿನ ಮೇಡಂ ಎರಡೂ ಕೈ ಪರೀಕ್ಷಿಸಿ, ಕೆಲಸಕ್ಕೆ ಹೋಗಬಹುದು ಎಂದರು. ಓಡಿ ಬಂದು ಅಣ್ಣನಿಗೆ ಹೇಳಿದೆ.

"ಆ ಮೇಡಂ ಕುರಿ ಕತ್ತರಿಸವ್ರಾ? ಕುರಿ ಮೈಮೇಲೆ ತುಪ್ಪಟ ಇನ್ನೂ ಬೆಳ್ದಿಲ್ಲ, ಯಾರೂ ಕರೀತಿಲ್ಲ. ಒಸಿ ತಾಳು."

ನಂಬಿದೆ. ಮತ್ತೆ ಬಕೆಟ್ ಸುತ್ತಿದೆ. ಸಂಜೆ ಅಣ್ಣ ಕೈ ಹಿಂಡಿಸಿ ನೋಡಿ, ಸಾಲದು ಎಂದು ಮರಳು ಸುರಿಯುತ್ತಲೇ ಇದ್ದ.

ಕಬ್ಬಾಳಿನ ನೆಂಟನೊಬ್ಬ ಬಸ್ ಸ್ಟಾಪಿನಲ್ಲಿ ಸಿಕ್ಕಿ, "ನಿಮ್ಮೋರೆಲ್ಲ ನಮ್ಮೂರಲ್ಲಿ ಕುರಿ ಕತ್ತರಿಸ್ತಾವ್ರೆ. ನೀನ್ಯಾಕ್ಲಾ ಇಲ್ಲಿದ್ದೀಯ?" ಎಂದ. ಕಬ್ಬಾಳಿನ ಬಸ್ ಹತ್ತಿದೆ.

ಮರದ ಕೆಳಗೆ ಅಣ್ಣನ ಬಾಮೈದ ಕುರಿಯನ್ನು ಮಂಡಿಯಲ್ಲಿ ಒತ್ತಿ ಹಿಡಿದಿದ್ದ. ಅವನ ಕೈಯಲ್ಲಿ ನನ್ನ ಕತ್ತರಿ. ನನ್ನ ಬಟ್ಟೆ ಕಿತ್ತು ನೀಲಿ ಟೇಪ್ ಸುತ್ತಿದ್ದ. ನನ್ನನ್ನು ಕಂಡು ಎದ್ದು, "ತಗೋ ಭಾವ" ಎಂದು ಚಾಚಿದ. ನಾನು ಮುಟ್ಟಲಿಲ್ಲ.

"ನನ್ ಕೈ ಸರಿಹೋಗಿದ್ದು ನಿಂಗ್ ಗೊತ್ತಿರ್ಲಿಲ್ವಾ?" ಅಣ್ಣನನ್ನು ಕೇಳಿದೆ.

"ಗೊತ್ತಿತ್ತು. ಏನ್ ಮಾಡಾದು, ನಿಮ್ಮತ್ತಿಗೆ ಬುಡ್ಲಿಲ್ಲ. ಅವಳ ತಮ್ಮಂಗೂ ಒಂದು ಕೆಲ್ಸ ಬೇಕಿತ್ತು."

"ಮತ್ತೆ ಮರಳು ಯಾಕ್ ಸುರೀತಿದ್ದೆ?"

"ಹೇಳಿದ್ರೆ ನೀನ್ ಜಗಳ ಆಡ್ತಿದ್ದೆ. ಅದ್ನ ಮಾಡ್ಕೊಂಡು ಮನೇಲಿರ್ಲಿ ಅಂದ್ಕೊಂಡೆ."

ಜಾಗ ಬೇರೆಯವನಿಗೆ ಕೊಟ್ಟೆ ಎಂದು ಮೊದಲೇ ಹೇಳಿದ್ದರೆ ಬೈದು, ಬೇರೆ ಗುಂಪು ಹುಡುಕಿಕೊಳ್ಳುತ್ತಿದ್ದೆ. ಅವನು ನನ್ನ ಕೈ ಹಿಡಿದು ನೋಡಿ, ಬಲ ಬಂದಿದೆ ಎಂದು ಗೊತ್ತಾದ ಮೇಲೂ ಸಾಲದು ಎಂದ.

ಈಗ ತಿಪ್ಪಸಂದ್ರದ ಕಡೆಯ ಗುಂಪಿನಲ್ಲಿದ್ದೇನೆ. ಹಬ್ಬಕ್ಕೆ ಊರಿಗೆ ಹೋದರೆ ಅಣ್ಣ ಮಾತಾಡಿಸುತ್ತಾನೆ, ನಾನೂ ಮಾತಾಡುತ್ತೇನೆ. ಆದರೆ ಅವನು ಏನೇ ಹೇಳಲಿ, ಇನ್ನೊಬ್ಬರನ್ನು ಕೇಳಿ ನೋಡುತ್ತೇನೆ. ಬಸ್ ಬಂತು ಎಂದರೂ ಅಷ್ಟೇ.