ಹಂಪಯ್ಯ ಜಗ್ಗಿದ ಹಗ್ಗ

ನಾಲ್ಕು ಮಂದಿಯ ಎದುರಿಗೆ ಹಂಪಯ್ಯ ಅಂದನಲ್ಲ, ಆ ಸಿಟ್ಟು ಡ್ರೈವರ್ ಕುತುಬುದ್ದೀನನಿಗೆ ಇವತ್ತಿಗೂ ಇಳಿದಿಲ್ಲ.

ಎಪ್ಪತ್ತೆಂಟನೆಯ ಇಸವಿ. ರಾಯಚೂರು ಬಸ್ ಸ್ಟ್ಯಾಂಡಿನಿಂದ ಸಂಜೆ ಐದರ ದೇವದುರ್ಗದ ಬಸ್ಸು ಹೊರಡುವ ಹೊತ್ತು. ಕುತುಬುದ್ದೀನ್ ಮಾನವಿಯವನು, ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದವನು. ಅವನ ಕಂಡಕ್ಟರ್ ಅರಕೇರಾದ ಹಂಪಯ್ಯ. ಹಿಂದಿನ ಸಂಜೆ ಗಬ್ಬೂರಿನ ಹತ್ತಿರ ಬಸ್ಸು ಬೇವಿನ ಮರಕ್ಕೆ ಉಜ್ಜಿ ಪಕ್ಕದ ತಗಡು ಹರಿದಿತ್ತು. ಹೇಗಾಯಿತೆಂದು ಕಂಟ್ರೋಲರ್ ಕೇಳಿದ. ಹಮಾಲರು, ಹಣ್ಣಿನವರು, ಪ್ಯಾಸೆಂಜರುಗಳು ಎಲ್ಲರೂ ಕೇಳುವಂತೆ ಹಂಪಯ್ಯ ಅಂದುಬಿಟ್ಟ:

"ಮರದ್ದೇನ್ ತಪ್ಪ್ರೀ? ಹೊತ್ತು ಮುಳುಗಿದ್ರ ಕುತುಬಣ್ಣಗ ಕಣ್ಣು ಕಾಣಾಂಗಿಲ್ಲ. ಮದ್ಲು ಇವನ್ನ ದವಾಖಾನಿಗೆ ಕಳಸ್ರಿ."

"ಲೇ, ಯಾರಿಗೆ ಕಾಣಾಂಗಿಲ್ಲ? ನಿನ್ನ ಚೀಲದಾಗಿನ ಖೋಟಾ ನಾಣ್ಯ ಇಲ್ಲಿಂದ ಕಾಣ್ತಾವ ನನಗ!"

ಜನ ನಕ್ಕರು. ಕುತುಬುದ್ದೀನ್ ಅಷ್ಟಕ್ಕೆ ಬಿಡಲಿಲ್ಲ. ಜೇಬಿನಿಂದ ಆ ವರ್ಷದ ಕಣ್ಣಿನ ಪರೀಕ್ಷೆಯ ಚೀಟಿ ತೆಗೆದು ಮೇಜಿನ ಮೇಲೆ ಕುಕ್ಕಿದ. ಪಾಸ್ ಎಂದು ಬರೆದು ಸಹಿ ಮಾಡಿತ್ತು. ಹಂಪಯ್ಯನ ಮುಖ ಸಪ್ಪಗಾಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆ ಚೀಟಿ ಬಂದದ್ದು ಹೀಗೆ. ಪರೀಕ್ಷೆಯ ದಿನ ಕುತುಬುದ್ದೀನ್ ಸಾಲಿನ ಕೊನೆಗೆ ನಿಂತಿದ್ದ. ಮುಂದಿನ ಹನ್ನೊಂದು ಮಂದಿ ಗೋಡೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡು, ತನ್ನ ಸರದಿ ಬಂದಾಗ ಬಾಯಿಪಾಠ ಒಪ್ಪಿಸಿದ್ದ. ಗೋಡೆಯಲ್ಲಿ ಅವನಿಗೆ ಕಂಡದ್ದು ಬರೀ ಮಂಜು. ಮೊದಲ ವಾರ ಎದೆ ಹೊಡೆದುಕೊಂಡಿತು. ಆಮೇಲೆ ದಿನಾ ಆ ಚೀಟಿ ನೋಡಿ ನೋಡಿ, ತಾನು ಮಾಡಿದ ಮೋಸವನ್ನು ತಾನೇ ನಂಬಿದ! ಸಂಜೆ ಚಹಾದ ಕಪ್ಪು ಹಿಡಿಯಲು ಹೋಗಿ ಗಾಳಿ ಹಿಡಿಯುತ್ತೀರಿ, ಒಮ್ಮೆ ತೋರಿಸಿಕೊಳ್ಳಿ ಎಂದು ಹೆಂಡತಿ ಕುಬ್ರಾ ಬೇಗಂ ಮೆಲ್ಲಗೆ ಹೇಳಿದರೆ, ಡಾಕ್ಟರನೇ ಸಹಿ ಮಾಡಿದ್ದಾನೆ, ನೀನು ಅವನಿಗಿಂತ ದೊಡ್ಡವಳೇ ಎಂದು ರೇಗುತ್ತಿದ್ದ. ತಪ್ಪೆಲ್ಲ ಎದುರಿನ ಹತ್ತಿ ಲಾರಿಗಳ ದೀಪದ್ದು. ಇಲ್ಲವೇ ಮುಂದಿನ ಗಾಜಿನ ಧೂಳಿನದು. ಒಂದೊಂದು ಸಂಜೆ ಒಂದೊಂದು ಕಾರಣ. ಆದರೂ ಗಬ್ಬೂರು ಹತ್ತಿರ ಬಂದಂತೆ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಮೂರು ಹೆಣ್ಣುಮಕ್ಕಳು. ಸ್ಟೇರಿಂಗ್ ಹೋದರೆ ಉಳಿಯುವುದೇನು?

ಜಗಳವಾಗಿ ಒಂದು ವಾರವಾಗಿರಬಹುದು. ಕಂಡಕ್ಟರ್ ಹಗ್ಗ ಜಗ್ಗಿ ಒಂದು ಸಲ ಗಂಟೆ ಬಾರಿಸಿದರೆ ನಿಲ್ಲಿಸಬೇಕು, ಎರಡು ಸಲವಾದರೆ ಹೊರಡಬೇಕು. ಗಬ್ಬೂರು ದಾಟಿ ಮಬ್ಬುಗತ್ತಲಲ್ಲಿ ಹೋಗುತ್ತಿದ್ದಾಗ ಗಂಟೆ ಮೆಲ್ಲಗೆ ಮೂರು ಸಲ ಬಡಿಯಿತು. ಹಾಗೆ ಬಾರಿಸುವ ರೂಢಿಯೇ ಇಲ್ಲ. ಬದ್ಮಾಶ್ ಕಾಡುತ್ತಿದ್ದಾನೆ ಎಂದುಕೊಂಡ ಕುತುಬುದ್ದೀನ್, ಆದರೆ ಕಾಲು ತಾನಾಗಿ ಸಡಿಲಾಯಿತು. ಕ್ಷಣದಲ್ಲೇ ಮುಂದೆ ಎತ್ತಿನ ಬಂಡಿಯ ಬೆನ್ನು ಕಾಣಿಸಿಕೊಂಡಿತು.

ಮರುದಿನವೂ ಹಾಗೇ. ಹಂಪಯ್ಯ ಗಬ್ಬೂರಿಗೆ ಮುಂಚೆಯೇ ಟಿಕೆಟ್ ಹರಿದು ಮುಗಿಸಿ, ಮುಂದೆ ಬಂದು ಕಂಬಿಗೆ ಒರಗಿ ನಿಲ್ಲುತ್ತಿದ್ದ. ಕಣ್ಣು ದಾರಿಯ ಮೇಲೆ, ಕೈ ಹಗ್ಗದ ಮೇಲೆ.

"ಏನ್ ಹಂಪಣ್ಣ, ಹಗ್ಗ ಸಡ್ಲ ಆಗ್ಯಾದೇನು? ಸುಮ್ ಸುಮ್ನ ಬಡಿತದಲ್ಲ" ಎಂದು ಯಾರೋ ಕೇಳಿದರು.

"ಹೂಂ, ಚಳಿ ಹತ್ಯಾದ ಅದಕ್ಕ."

ಕುತುಬುದ್ದೀನನಿಗೆ ಕೇಳಿಸಿತು. ತಿರುಗಿ ನೋಡಲಿಲ್ಲ. ನಾಲ್ಕು ತಿಂಗಳು ಹೀಗೇ ನಡೆಯಿತು. ತಲೆ ಒಪ್ಪದ ಮಾತನ್ನು ಕಾಲು ದಿನಾ ಪಾಲಿಸಿತು.

ಒಂದು ಸಂಜೆ ಹಂಪಯ್ಯ ರಜೆ ಹಾಕಿ ಊರಿಗೆ ಹೋದ. ಬದಲಿಗೆ ಬಂದ ಕಂಡಕ್ಟರ್ ತಾಯಣ್ಣ ಮಾತಿನ ಮಲ್ಲ. ಹಿಂದಿನ ಸೀಟಿನಲ್ಲಿ ಕೂತು ಹರಟೆ ಹಚ್ಚಿದ. ಗಬ್ಬೂರು ದಾಟಿತು. ಕುತುಬುದ್ದೀನ್ ಕಿವಿ ನಿಮಿರಿಸಿ ಕಾದ. ಗಂಟೆ ಇಲ್ಲ. ಗಂಟೆ ಇಲ್ಲವೆಂದರೆ ದಾರಿ ಖಾಲಿ! ಕಾಲು ಒತ್ತಿದ.

ಹೆಂಗಸೊಬ್ಬಳು ಚೀರಿದ್ದು ಕೇಳಿ ಬ್ರೇಕು ತುಳಿದ. ಇಡೀ ಬಸ್ಸು ಮುಂದಕ್ಕೆ ಮುಗ್ಗರಿಸಿತು. ಇಳಿದು ಕೈ ಚಾಚಿದರೆ ಜೋಳದ ಸೊಪ್ಪೆ ಅಂಗೈಗೆ ಚುಚ್ಚಿತು. ದಾರಿಯಗಲಕ್ಕೆ ಸೊಪ್ಪೆ ಹೇರಿದ ಬಂಡಿ, ಬಸ್ಸಿನ ಮೂತಿಗೆ ಎರಡು ಗೇಣಿನಲ್ಲಿ. ಮೇಲೆ ಕೂಸನ್ನು ಅವಚಿಕೊಂಡು ಕೂತ ಸೊಸೆ. ಬಂಡಿಯ ಜೊತೆ ನಡೆಯುತ್ತಿದ್ದ ಅತ್ತೆ ಮಾನಮ್ಮ ಬೈಯಲಿಲ್ಲ, ಬರೀ ಕೇಳಿದಳು:

"ಯಪ್ಪಾ, ಮನಿಯಷ್ಟು ದೊಡ್ಡ ಬಂಡಿ ಅದ. ಕಾಣವಲ್ದೇನು ನಿನಗ?"

ಚೀಟಿ ಜೇಬಿನಲ್ಲೇ ಇತ್ತು. ಅವನು ತೆಗೆಯಲಿಲ್ಲ. ಬಸ್ಸನ್ನು ಹಾದಿಯ ಬದಿಗೆ ಹಚ್ಚಿ ಚಾವಿಯನ್ನು ತಾಯಣ್ಣನ ಕೈಗಿಟ್ಟ.

"ಏನಾತ್ರೀ ಉಸ್ತಾದ್?"

"ನನಗ ಕಾಣಾಂಗಿಲ್ಲ."

ಪ್ಯಾಸೆಂಜರುಗಳು ಬಾಯಿಗೆ ಬಂದಂತೆ ಬೈದು ಹಿಂದೆ ಬಂದ ಬಸ್ಸು ಹತ್ತಿ ಹೋದರು. ಮುಂದಿನ ಕಣ್ಣಿನ ಪರೀಕ್ಷೆಗೆ ಕುತುಬುದ್ದೀನ್ ಎಲ್ಲರಿಗಿಂತ ಮೊದಲು ನಿಂತ. ಗೋಡೆಯ ಮೇಲಿನ ಅಕ್ಷರ ಓದು ಅಂದರೆ, "ಯಾವ ಗೋಡಿರೀ?" ಅಂದ. ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಆಯಿತು, ದಪ್ಪ ಗಾಜಿನ ಚಸ್ಮಾ ಬಂತು, ಸ್ಟೇರಿಂಗ್ ಹೋಯಿತು. ಡಿಪೋ ಗೇಟಿನಲ್ಲಿ ಬಸ್ಸುಗಳ ನಂಬರ್ ಬರೆಯುವ ಕೆಲಸ ಕೊಟ್ಟರು.

ಅಲ್ಲಿಗೊಮ್ಮೆ ತಾಯಣ್ಣ ಬಂದು ಹೇಳಿದ: "ಹಂಪಯ್ಯಗ ಕೇಳ್ದೆ ನಾ. ಆ ಸಿಡುಕ್ನ ಜೋಡಿ ಯಾಕ ಇದ್ದಿ, ಡ್ಯೂಟಿ ಬದ್ಲಿ ಮಾಡಿಸ್ಕೋಬಾರ್ದಿತ್ತಾ ಅಂತ. ಅದಕ್ಕವ, ನಾ ಬಿಟ್ರ ಇನ್ನೊಬ್ಬ ಬರ್ತಾನ, ಅವ್ಗ ಗೊತ್ತಿರಾಂಗಿಲ್ಲಲೇ ಅಂದ."

ಹಂಪಯ್ಯನ ಬಸ್ಸು ದಿನಾ ಆ ಗೇಟಿನಿಂದಲೇ ಹೋಗುತ್ತಿತ್ತು. ಕಿಟಕಿಯಲ್ಲಿ ಹಂಪಯ್ಯ, ಕುರ್ಚಿಯಲ್ಲಿ ಇವನು. ಮಂದಿಯೊಳಗೆ ಅಂದದ್ದು ತಪ್ಪಾಯಿತು ಎಂದು ಮೊದಲು ಅವನು ಅನ್ನಲಿ, ಆಮೇಲೆ ನಾನು ಅನ್ನುತ್ತೇನೆ ಎಂದು ಕುತುಬುದ್ದೀನ್ ಕಾದ. ಅದೇ ಮಾತನ್ನು ಕಿವಿಯಲ್ಲಿ ಹೇಳಿದ್ದರೆ ಏನಾಗುತ್ತಿತ್ತು? ಆರು ವರ್ಷ ಕಾದ.

ಎಂಬತ್ತೈದರಲ್ಲಿ ಹಂಪಯ್ಯ ಕಾಮಾಲೆಯಾಗಿ ತೀರಿಕೊಂಡ. ಕುತುಬುದ್ದೀನ್ ಅರಕೇರಾಕ್ಕೆ ಹೋದ. ಹಂಪಯ್ಯನ ಹೆಂಡತಿ ಚಹಾ ಕೊಟ್ಟಳು. ಗುರುತು ಹೇಳಿದ ಕೂಡಲೇ ಕೇಳಿದಳು, "ಕಣ್ಣು ಈಗ ಹ್ಯಾಂಗವರೀ?"

"ಕಾಣ್ತಾವವ್ವಾ."

ಹಂಪಯ್ಯನಿಗೆ ಆಡಬೇಕಾದ ಮಾತು ಅವಳಿಗೆ ಸೇರಿದ್ದಲ್ಲ. ಸಂಜೆಯ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ಯಾರೋ ಹೊಸ ಕಂಡಕ್ಟರ್ ಎರಡು ಸಲ ಗಂಟೆ ಬಾರಿಸಿದ. ಬಸ್ಸು ಹೊರಟಿತು, ಆ ಮಾತಿನ ಬಾಕಿ ಅಲ್ಲೇ ಉಳಿಯಿತು.