ಮೂರನೆಯ ಮೇಜಿನವರು

ನಮ್ಮ ಮನೆಯವರಿಗೆ ಜೆರಾಕ್ಸ್ ಎಂದರೆ ಪ್ರಾಣ. ಧಾರವಾಡದಲ್ಲಿ ಓದುವಾಗ ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಆಫೀಸರರ ಸಹಿ ಬೇಕೆಂದು ಮಧ್ಯಾಹ್ನದ ಬಿಸಿಲಲ್ಲಿ ಅಲೆದ ಮನುಷ್ಯ ಅವರು. ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು ಪೌರತ್ವ ಸಿಕ್ಕ ಮೇಲೆ, ಲೈಬ್ರರಿಯಲ್ಲಿ ಶನಿವಾರ ಒಬ್ಬರು ಜೆಪಿ, ಅಂದರೆ ಜಸ್ಟಿಸ್ ಆಫ್ ದಿ ಪೀಸ್, ಕೂತಿರುತ್ತಾರೆ, ಮೂಲ ಪ್ರತಿ ನೋಡಿ ನಕಲಿಗೆ ಠಸ್ಸೆ ಒತ್ತಿ ಸಹಿ ಮಾಡಿಕೊಡುತ್ತಾರೆ, ಅದೂ ಪುಕ್ಕಟೆ ಎಂದು ತಿಳಿದ ದಿನ ಅವರ ಮುಖ ನೋಡಬೇಕಿತ್ತು. ಕೆಲವೇ ವಾರಗಳಲ್ಲಿ ನಮ್ಮ ಪಾಸ್‌ಪೋರ್ಟು, ಪೌರತ್ವದ ಪ್ರಮಾಣಪತ್ರ, ಮದುವೆಯ ನೋಂದಣಿ, ಕೊನೆಗೆ ನನ್ನ ಎಂಎಸ್ಸಿ ಅಂಕಪಟ್ಟಿಗೂ ನಾಲ್ಕು ನಾಲ್ಕು ನಕಲುಗಳಾದವು. ಒಂದು ಸೆಟ್ಟನ್ನು ನೀಲಿ ಫೈಲಿನಲ್ಲಿ ಹಾಕಿ ನನ್ನ ಊಟದ ಚೀಲದಲ್ಲಿ ತುರುಕಿದರು. ಡಬ್ಬಿಯ ಎಣ್ಣೆ ಸೋರಿದರೆ ನನ್ನ ಪೌರತ್ವಕ್ಕೇ ಕಲೆಯಾದೀತು ಎಂದು ನಾನು ಗೇಲಿ ಮಾಡುತ್ತಿದ್ದೆ. ಆದರೆ ತೆಗೆದಿಡಲಿಲ್ಲ. ಅದು ಚೀಲದಲ್ಲಿದ್ದರೆ ನನಗೂ ಒಂದು ಧೈರ್ಯ.

ಎರಡು ಸಾವಿರದ ದಶಕದ ನಡುವಿನ ಮಾತು ಇದು. ನಾವು ಮೌಂಟ್ ಆಲ್ಬರ್ಟ್‌ನಲ್ಲಿದ್ದೆವು. ನಾನು ಈಸ್ಟ್ ತಮಾಕಿಯಲ್ಲಿ ಸೂಪು, ಸಾಸ್ ತಯಾರಿಸುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಪ್ರತಿ ಹಂಡೆಯಿಂದ ಒಂದು ಲೋಟ ತೆಗೆದು, ಹುಳಿ ಎಷ್ಟು, ಉಪ್ಪು ಎಷ್ಟು ಎಂದು ನೋಡಿ, ಪಾಸ್ ಅಥವಾ ಫೇಲ್ ಎಂದು ಬರೆಯುವುದು ನನ್ನ ಕೆಲಸ. ಹೊರಗೆ ಪ್ಯಾಕಿಂಗ್ ಲೈನಿನ ಮೇಲ್ವಿಚಾರಕಿಯಾಗಿದ್ದವಳು ನನ್ನ ಗೆಳತಿ. ಒಂಬತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಚಿಲಿಯಿಂದ ಬಂದವಳು, ಆಮೇಲೆ ಆಕ್ಲೆಂಡಿನ ಪಶ್ಚಿಮದ ಹೆಂಡರ್ಸನ್ ಬಡಾವಣೆ ಬಿಟ್ಟು ಕದಲದವಳು. ನನಗಿಂತ ಇಪ್ಪತ್ತು ವರ್ಷ ಮೊದಲೇ ಈ ದೇಶದ ಪ್ರಜೆಯಾದವಳು. ನಮ್ಮ ಶೇಂಗಾ ಚಟ್ನಿ ಪುಡಿಯನ್ನು ಬ್ರೆಡ್ಡಿಗೆ ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿನ್ನುವುದನ್ನು ಅವಳೇ ಕಂಡುಹಿಡಿದು ನನಗೆ ಕಲಿಸಿದಳು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ, ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿ ಉಳಿದಿದೆ.

ಬೆಳಗಿನ ಹತ್ತರ ವಿರಾಮ ಹತ್ತೇ ನಿಮಿಷದ್ದು. ಅಲ್ಲಿಯವರು ಅದನ್ನು ಸ್ಮೋಕೋ ಅನ್ನುತ್ತಾರೆ, ಬೀಡಿ ಸೇದದವರಿಗೂ ಅದು ಸ್ಮೋಕೋನೇ. ಆ ಕೋಣೆಯಲ್ಲಿ ಮೂರು ಮೇಜು. ಬಾಗಿಲ ಹತ್ತಿರದ ಮೇಜಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು. ನಡುವಿನದರಲ್ಲಿ ಪ್ಯಾಕಿಂಗಿನವರು, ಅವರಲ್ಲಿ ಇಬ್ಬರು ಟೋಂಗಾದ ಹೆಂಗಸರು. ಕಿಟಕಿ ಪಕ್ಕದ ಮೂರನೆಯದು ನಮ್ಮದು. ಅಂದು ಗೆಳತಿ ಮಗಳಿಗೆ ಫೋನು ಮಾಡಿ ಸ್ಪ್ಯಾನಿಷಿನಲ್ಲಿ ಗದರಿಸುತ್ತಿದ್ದಳು. ನಾನು ಅವ್ವನಿಗೆ ಕುಕ್ಕರ್ ಯಾವಾಗ ಇಳಿಸಬೇಕೆಂದು ಹೇಳುತ್ತಿದ್ದೆ. ಅವ್ವ ವಿಸಿಟರ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದಳು. ಅದನ್ನು ಇನ್ನು ಆರು ತಿಂಗಳು ಮುಂದುವರಿಸಿ ಎಂದು ಅರ್ಜಿ ಹಾಕಿದ್ದೆವು.

ಆಗ ಮ್ಯಾನೇಜರರ ಜೊತೆ ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಕೊರಳಲ್ಲಿ ಕಾರ್ಡು. ವಲಸೆ ಅಧಿಕಾರಿಗಳು. ಹಿಂದೆ ಏಜೆನ್ಸಿಯ ಮೂಲಕ ಬಂದು ಕೆಲಸ ಮಾಡಿ ಹೋದ ಒಬ್ಬನನ್ನು ಹುಡುಕಿಕೊಂಡು ಬಂದಿದ್ದರಂತೆ. ಅವನು ಬಿಟ್ಟು ಹೋಗಿ ತಿಂಗಳಾಗಿತ್ತು. ಬಂದದ್ದು ದಂಡವಾಗಬಾರದು ಅನ್ನಿಸಿತೋ ಏನೋ, ನಿಂತಲ್ಲೇ ಕೋಣೆಯ ಮಾತಿಗೆಲ್ಲ ಕಿವಿಗೊಟ್ಟರು. ಟೋಂಗಾದ ಹೆಂಗಸರು ಅವರನ್ನು ಕಂಡೊಡನೆ ತಮ್ಮ ಮಾತನ್ನು ಅರ್ಧಕ್ಕೇ ಬಿಟ್ಟು ಇಂಗ್ಲಿಷಿಗೆ ಹೊರಳಿದರು. ಎಪ್ಪತ್ತರ ದಶಕದಲ್ಲಿ ಪೊಲೀಸರು ನಸುಕಿನಲ್ಲೇ ಮನೆಗೆ ನುಗ್ಗಿ ವೀಸಾ ಕೇಳುತ್ತಿದ್ದ ಕಾಲದಿಂದ ಅವರ ಜನಕ್ಕೆ ಇದರಲ್ಲಿ ಹಳೆಯ ಅನುಭವವಿದೆ. ನಾವಿಬ್ಬರು ಫೋನಿನಲ್ಲಿ ಮುಳುಗಿದ್ದೆವು. ಅಧಿಕಾರಿಗಳು ಮೊದಲ ಮೇಜು ದಾಟಿ, ಎರಡನೆಯದು ದಾಟಿ, ನೆಟ್ಟಗೆ ನಮ್ಮ ಹತ್ತಿರ ಬಂದರು. ಅವರು ನಮ್ಮನ್ನು ಕಿವಿಯಿಂದ ಹುಡುಕಿದರು ಎಂದೇ ನಾನು ಇವತ್ತಿಗೂ ಹೇಳುತ್ತೇನೆ.

ಯಾವ ಭಾಷೆ ಅದು ಎಂದು ಇಬ್ಬರಲ್ಲಿ ಹಿರಿಯವನು ಗೆಳತಿಯನ್ನು ಕೇಳಿದ. ಸ್ಪ್ಯಾನಿಷ್ ಎಂದಳು. ಎಲ್ಲಿಯವರು ಎಂದ. ಹೆಂಡರ್ಸನ್ ಎಂದಳು. ಅದಲ್ಲ, ಮೂಲತಃ ಎಲ್ಲಿಯವರು ಎಂದ. ಹೆಂಡರ್ಸನ್, ಟೌನ್ ಸೆಂಟರಿನ ಹಿಂದುಗಡೆ ಎಂದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಪಾಸ್‌ಪೋರ್ಟು ಅಥವಾ ವೀಸಾ ಏನಾದರೂ ಇದೆಯೇ ಎಂದು ಅವನು ಕೇಳಿದ.

ಅವನು ನನ್ನ ಕಡೆ ತಿರುಗುವ ಮೊದಲೇ ನನ್ನ ಕೈ ಊಟದ ಚೀಲದೊಳಗಿತ್ತು. ನನ್ನನ್ನು ಯಾರೂ ಇನ್ನೂ ಏನೂ ಕೇಳಿರಲಿಲ್ಲ. ನೀಲಿ ಫೈಲನ್ನು ಎರಡೂ ಕೈಯಿಂದ ಅವನ ಮುಂದೆ ಚಾಚಿದೆ. ಅವನು ಠಸ್ಸೆಗಳನ್ನು ನೋಡಿ, ಎಲ್ಲರೂ ನಿಮ್ಮ ಹಾಗಿದ್ದರೆ ನಮ್ಮ ಕೆಲಸ ಎಷ್ಟು ಸುಲಭ ಎಂದ. ನಾನು ಥ್ಯಾಂಕ್ಯೂ ಎಂದೆ. ಹಲ್ಲು ಕಿರಿದೆ ಕೂಡ. ಆಮೇಲೆ ಗೆಳತಿಯ ಕಡೆ ನೋಡಿದೆ.

ಅವಳು ಫೋನು ಮೇಜಿನ ಮೇಲಿಟ್ಟು ಹೇಳಿದಳು, "ಈ ಕೋಣೆಯಲ್ಲಿರುವ ಎಲ್ಲರನ್ನೂ ಕೇಳಿ. ಎಲ್ಲರೂ ತೋರಿಸಿದ ಮೇಲೆ ಕೊನೆಯಲ್ಲಿ ನಾನು ತೋರಿಸುತ್ತೇನೆ."

ದನಿ ಏರಿಸಲಿಲ್ಲ, ಒಂದು ಕೆಟ್ಟ ಮಾತಾಡಲಿಲ್ಲ. ಅಧಿಕಾರಿ ನನ್ನ ಫೈಲನ್ನು ಅವಳಿಗೆ ತೋರಿಸಿ, ಈಕೆಗೆ ಎರಡು ನಿಮಿಷವೂ ಹಿಡಿಯಲಿಲ್ಲ ನೋಡಿ ಎಂದ. ಅವಳು ಮತ್ತೆ ಅದೇ ಮಾತು ಹೇಳಿದಳು. ಅವಳನ್ನು ಮ್ಯಾನೇಜರರ ಕೋಣೆಗೆ ಕರೆದುಕೊಂಡು ಹೋಗಿ ಎರಡೂವರೆ ಗಂಟೆ ಕೂರಿಸಿದರು. ಮಗಳು ಕಾಲೇಜು ಬಿಟ್ಟು, ಹೆಂಡರ್ಸನ್‌ನ ಮನೆಗೆ ಹೋಗಿ, ಅಮ್ಮನ ಪಾಸ್‌ಪೋರ್ಟು ಹುಡುಕಿ, ಊರಿನ ಆ ತುದಿಯಿಂದ ಈ ತುದಿಗೆ ಬರಬೇಕಾಯಿತು. ಅಷ್ಟು ಹೊತ್ತು ಮೇಲ್ವಿಚಾರಕಿಯಿಲ್ಲದೆ ಲೈನು ನಿಂತಿತು. ಒಂದು ಹಂಡೆ ಟೊಮೆಟೊ ಸೂಪು ಕೆಟ್ಟಿತು. ಫೇಲ್ ಎಂದು ಬರೆದವಳು ನಾನೇ.

ಅಂದು ಮಧ್ಯಾಹ್ನ ಸಿಬ್ಬಂದಿ ವಿಭಾಗದ ಹೆಂಗಸು ಲ್ಯಾಬಿಗೆ ಬಂದು, ಬೆಳಗ್ಗೆ ಆದದ್ದನ್ನು ಒಂದು ಫಾರಂನಲ್ಲಿ ಬರೆದುಕೊಡಿ ಎಂದರು. ನಾನು ಬರೆದೆ. ಅಧಿಕಾರಿಗಳು ಬಂದರು, ಮರ್ಯಾದೆಯಿಂದ ಮಾತಾಡಿದರು, ನಾನು ಕಾಗದ ತೋರಿಸಿದೆ, ಎರಡು ನಿಮಿಷ ಹಿಡಿಯಿತು. ಕೆಳಗೆ ಸಹಿ. ಒಂದಕ್ಷರ ಸುಳ್ಳಿರಲಿಲ್ಲ.

ಮೂರನೆಯ ದಿನ ಗೆಳತಿಗೆ ನೋಟಿಸು ಬಂತು. ಅಧಿಕಾರಿಗಳ ಜೊತೆ ಅನುಚಿತ ವರ್ತನೆ, ಲೈನು ಬಿಟ್ಟು ನಷ್ಟ ಮಾಡಿದ್ದು. ಮುಂದಿನ ಶುಕ್ರವಾರ ವಿಚಾರಣೆ. ತಪ್ಪು ಎಂದಾದರೆ ಮೇಲ್ವಿಚಾರಕಿಯ ಕೆಲಸ ಹೋಗುತ್ತದೆ, ಕೊನೆಯ ಎಚ್ಚರಿಕೆಯ ಪತ್ರ ಬರುತ್ತದೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ ಅವಳು. ಕೋಣೆಯಲ್ಲಿ ಎಲ್ಲರನ್ನೂ ಕೇಳಲಾಯಿತು, ಈಕೆಯೊಬ್ಬಳು ನಿರಾಕರಿಸಿದಳು ಎಂದು ಅಧಿಕಾರಿಗಳು ಬರೆದು ಹೋಗಿದ್ದರು. ಆ ಮಾತಿಗೆ ಆಧಾರವಾಗಿ ಲಗತ್ತಿಸಿದ್ದ ಕಾಗದ ನನ್ನದು. ಯಾರನ್ನು ಕೇಳಲಿಲ್ಲ ಎಂಬುದನ್ನು ನಾನು ಅದರಲ್ಲಿ ಬರೆದೇ ಇರಲಿಲ್ಲ.

ಅಂದು ಸಂಜೆ ಕಾರ್ ಪಾರ್ಕಿನಲ್ಲಿ ಅವಳನ್ನು ತಡೆದು ನಿಲ್ಲಿಸಿದೆ. ಕ್ಷಮಿಸು ಎಂದು ಶುರು ಮಾಡಿ, ಆ ಫೈಲು ಗಂಡನ ಹುಚ್ಚು, ಊರಿನ ಅಭ್ಯಾಸ ಎಂದು ಏನೇನೋ ಬಡಬಡಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ತೋರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ," ಎಂದಳು. "ತೋರಿಸಿ ನನ್ನ ಕಡೆ ನೋಡಿದೆಯಲ್ಲ, ನೀನೂ ತೋರಿಸಿ ಮುಗಿಸಬಾರದೇ ಅನ್ನೋ ಹಾಗೆ. ಅದಕ್ಕೆ ಸಿಟ್ಟು."

ಅವಳ ಅಪ್ಪ ಸೈನ್ಯದ ಆಳ್ವಿಕೆಯ ಚಿಲಿಯಲ್ಲಿ ಬಸ್ಸು ಹತ್ತಿದರೆ, ಇಳಿದರೆ ಸಿಪಾಯಿಗಳಿಗೆ ಕಾಗದ ತೋರಿಸಬೇಕಿತ್ತಂತೆ. ಇಲ್ಲಿಗೆ ಬಂದ ಮೊದಲ ತಿಂಗಳು ಆತ ಜೇಬಿನಲ್ಲಿ ಏನೂ ಇಲ್ಲದೆ ಬೀದಿ ಸುತ್ತಿ ಬಂದು, ಯಾರೂ ಕೇಳಲಿಲ್ಲ ಎಂದು ಹೆಂಡತಿಯ ಮುಂದೆ ಕೂತು ಅತ್ತನಂತೆ. ಇದನ್ನು ಹೇಳಿ ಅವಳು ಕಾರು ಹತ್ತಿ ಹೋದಳು. ನನಗೆ ಅಷ್ಟು ನಾಚಿಕೆ ಜೀವನದಲ್ಲಿ ಆಗಿರಲಿಲ್ಲ. ಮೋಟರ್‌ವೇ ಪೂರ್ತಿ ನನ್ನನ್ನು ನಾನೇ ಬೈದುಕೊಳ್ಳುತ್ತ ಬಂದೆ. ಮನೆ ಮುಟ್ಟುವ ಹೊತ್ತಿಗೆ ಬೈಗುಳ ಮುಗಿದು ಹಟ ಬಂದಿತ್ತು. ಇನ್ನೊಂದು ಹೇಳಿಕೆ ಬರೆದುಕೊಡುತ್ತೇನೆ, ಶುಕ್ರವಾರ ಆ ಕೋಣೆಯಲ್ಲಿ ಕೂತು ಹೇಳುತ್ತೇನೆ ಎಂದು ಚಪ್ಪಲಿ ಬಿಡುವ ಮೊದಲೇ ಮನೆಯವರಿಗೆ ತಿಳಿಸಿದೆ.

"ಒಮ್ಮೆ ಸಹಿ ಮಾಡೀದಿ, ಸುಮ್ಮನಿರು," ಎಂದರು ಅವರು. "ಅವ್ವಾರ ವೀಸಾ ಅರ್ಜಿ ಆ ವಲಸೆ ಆಫೀಸಿನವರ ಟೇಬಲ್ ಮ್ಯಾಲೇ ಅದ. ಇಂಥಾದ್ರಾಗ ನಿನ್ನ ಹೆಸರು ಯಾಕ ಬರಬೇಕು?"

ಅವರ ಹೆದರಿಕೆ ನನಗೆ ಗೊತ್ತಿತ್ತು, ಅದು ನನ್ನದೂ ಆಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವ್ವನ ದನಿ ಬಂತು. ಅಳಿಯನ ಜೊತೆ ಅವಳು ನೇರ ಮಾತಾಡುವವಳಲ್ಲ. ಅವರಿಗೆ ಹೇಳುವುದನ್ನೆಲ್ಲ ನನಗೇ ಹೇಳುತ್ತಾಳೆ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ.

"ನನ್ನ ನೆವಾ ಹೇಳಬ್ಯಾಡ್ರಿ ಅಂತ ಹೇಳವಾ ಅವರಿಗೆ. ವೀಸಾ ಸಿಗಲಿಲ್ಲಂದ್ರ ಊರಿಗೆ ಹೋಗ್ತೀನಿ. ನನಗೇನು ಅಲ್ಲಿ ಮನಿ ಇಲ್ಲೇನು?"

ಬರೆಯುವುದಾದರೆ ಎರಡು ಪ್ರತಿ ಮಾಡು ಎಂದರು ಮನೆಯವರು.

ಲ್ಯಾಬಿನ ವರದಿಯ ಹಾಗೆಯೇ ಬರೆದೆ. ಮೂರು ಮೇಜುಗಳ ನಕ್ಷೆ, ಯಾರು ಎಲ್ಲಿ ಕೂತಿದ್ದರು, ಯಾವ ಭಾಷೆಯಲ್ಲಿ ಮಾತು ನಡೆದಿತ್ತು, ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ. ಹೆಸರು ಹಾಕದೆ ಜಾಗಗಳಿಗೆ ಅಂಕಿ ಕೊಟ್ಟೆ. ಅದಕ್ಕೆ ಕಾರಣವಿತ್ತು. ಮೊದಲ ಮೇಜಿನ ಒಬ್ಬ ಇಂಗ್ಲೆಂಡಿನವನ ವೀಸಾ ಮುಗಿದು ನಾಲ್ಕು ತಿಂಗಳಾಗಿತ್ತು. ಅವನೇ ಪೈ ತಿನ್ನುತ್ತ ಎಲ್ಲರ ಮುಂದೆ ಅದನ್ನು ತಮಾಷೆ ಮಾಡುತ್ತಿದ್ದ. ಅಂದು ಅಧಿಕಾರಿ ಅವನ ಕುರ್ಚಿ ಸರಿಸಿಕೊಂಡೇ, ಸಾರಿ ಮೇಟ್ ಎಂದು ನಮ್ಮ ಕಡೆ ಬಂದಿದ್ದ. ಅವನ ಹೆಸರು ಹೇಳಿದ್ದರೆ ನನ್ನ ಮಾತಿಗೆ ಬೇರೆ ಸಾಕ್ಷಿಯೇ ಬೇಡ. ಹೇಳಬೇಕೆಂದು ನಾಲಿಗೆ ತುರಿಸಿತು ಎಂದೂ ಒಪ್ಪಿಕೊಳ್ಳುತ್ತೇನೆ. ಹಾಗೆ ಹೇಳಿದರೆ ಆ ಅಧಿಕಾರಿಗೂ ನನಗೂ ಏನು ವ್ಯತ್ಯಾಸ ಎಂದು ಯೋಚಿಸಿ ಬಿಟ್ಟೆ. ಗುರುವಾರ ಆ ಇಂಗ್ಲೆಂಡಿನವನು ಲ್ಯಾಬಿನ ಬಾಗಿಲಿಗೆ ಬಂದು ಏನೋ ಕೇಳಲು ಹೊರಟ. ನಿನ್ನ ವಿಷಯ ನನ್ನ ಕಾಗದದಲ್ಲಿಲ್ಲ, ಹೋಗಿ ಕೆಲಸ ನೋಡು ಎಂದೆ.

ಶುಕ್ರವಾರ ಗೆಳತಿ ಒಬ್ಬ ಯೂನಿಯನ್ನಿನವರ ಜೊತೆ ಬಂದಿದ್ದಳು. ಎದುರಿಗೆ ಮ್ಯಾನೇಜರರು, ಸಿಬ್ಬಂದಿ ವಿಭಾಗದ ಹೆಂಗಸು. ನನ್ನ ಹಳೆಯ ಫಾರಂ ಮೇಜಿನ ಮೇಲಿತ್ತು. ಆ ಹೆಂಗಸು ಅದನ್ನು ಓದಿ, ಇದು ನಿಮ್ಮದೇ ತಾನೇ ಎಂದರು. ನನ್ನದೇ ಎಂದೆ. ಹಾಗಾದರೆ ಹೊಸದು ಏಕೆ ಎಂದು ಕೇಳಿದರು. ಎಂಟು ಹಂಡೆ ಸೂಪಿರುವಾಗ ಒಂದೇ ಹಂಡೆಯಿಂದ ಸ್ಯಾಂಪಲ್ ತೆಗೆದು, ಎಂಟನ್ನೂ ನೋಡಿದೆ ಎಂದು ನಾನು ಸಹಿ ಹಾಕಿದರೆ ನೀವು ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತೀರಾ ಎಂದೆ. ಮ್ಯಾನೇಜರರು ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು. ಅಂದು ಅವರೂ ಆ ಕೋಣೆಯಲ್ಲಿದ್ದವರು. ಅಧಿಕಾರಿಗಳು ಮೊದಲೆರಡು ಮೇಜುಗಳಲ್ಲಿ ಯಾರನ್ನಾದರೂ ಕೇಳಿದ್ದನ್ನು ನೀವು ನೋಡಿದಿರಾ ಎಂದು ಅವರನ್ನೇ ಕೇಳಿದೆ. ಬಹಳ ಹೊತ್ತು ನಕ್ಷೆ ನೋಡಿ, ಇಲ್ಲ ಎಂದರು.

ಹೆಂಗಸು ಬರೆಯುತ್ತಲೇ ಇದ್ದರು. ತಲೆ ಎತ್ತದೆ, ಆದರೂ ನಿಮಗೇನೂ ತೊಂದರೆಯಾಗಲಿಲ್ಲವಲ್ಲ, ಸಾಕ್ಷಿ ಪೂರ್ತಿ ಸಹಕರಿಸಿದರು ಎಂದು ಹಾಕುತ್ತೇನೆ ಎಂದರು.

"ಸಹಕರಿಸಿದರು ಅಂತ ಬರೆಯಬೇಡಿ," ಎಂದೆ. "ಹೆದರಿದರು ಅಂತ ಬರೆಯಿರಿ."

ಅವರ ಪೆನ್ನು ನಿಂತಿತು. ಮ್ಯಾನೇಜರರು ನನ್ನ ಮುಖ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ನಿಜವಾಗಿಯೂ ಅರ್ಥವಾಗದೆ ಕೇಳಿದರು.

"ನೀವು ಈ ದೇಶದ ಪ್ರಜೆ. ನೀವು ಹೆದರುವುದು ಯಾಕೆ?"

"ಅದನ್ನೂ ಬರೆದುಕೊಳ್ಳಿ. ಪ್ರಜೆ, ಆದರೂ ಹೆದರಿದರು."

ಬರೆದರು. ಓದಿ ಹೇಳಿ ಎಂದೆ, ಓದಿದರು. ಗೆಳತಿಯ ಮೇಲಿನ ಆರೋಪ ಕೈಬಿಟ್ಟದ್ದು, ಅವಳ ಕೆಲಸ ಉಳಿದದ್ದು ಮುಂದಿನ ವಾರದ ಮಾತು. ಕಾಗದವನ್ನು ನನ್ನ ಕಡೆ ತಿರುಗಿಸಿದಾಗ ಅದು ಹೇಗೆ ಮುಗಿಯುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಸಹಿ ಸೊಟ್ಟಗೆ ಬಿತ್ತು. ಬೇಕಾದರೆ ಇನ್ನೊಂದು ಹಾಳೆ ಕೊಡುತ್ತೇನೆ ಎಂದರು ಆ ಹೆಂಗಸು. ಬೇಡ, ಅದು ಹಾಗೇ ಇರಲಿ ಎಂದೆ.