ಸ್ಟೇಟಸ್ಸಿನಲ್ಲಿ ಅಣ್ಣನ ಫೋಟೋ

ಹೆಸರೇನೋ ಹುಲಿಯಮ್ಮ, ಆದರೆ ಅವಳಷ್ಟು ಪುಕ್ಕಲು ಜೀವ ದೇವನೂರಿನಲ್ಲಿ ಇನ್ನೊಂದು ಇರಲಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚಿ ಹಿಂದೆ ಸರಿಯುವ ಈ ಹೆಂಗಸು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡು ಇಷ್ಟು ವರ್ಷ ಹೇಗೆ ಕಳೆದಳೋ ದೇವರೇ ಬಲ್ಲ. ತರೀಕೆರೆಯಲ್ಲಿರುವ ಮಗಳು ಮಧುಶ್ರೀ ತನ್ನ ಹಳೆಯ ಸ್ಮಾರ್ಟ್‌ಫೋನನ್ನು ತಂದು ಕೈಗಿಟ್ಟಾಗಲೂ ಮೊದಲ ಒಂದು ವಾರ ಅದನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ದೂರದಿಂದಲೇ ನೋಡುತ್ತಿದ್ದಳು.

ಆಮೇಲೆ ಆ ಫೋನನ್ನು ಬಿಟ್ಟಿರಲಾರದ ಹಾಗಾದಳು. ಅವಳಿಗೆ ಓದು ಬರಹ ಬಾರದು. ಹಸಿರು ಗುರುತು ಒತ್ತಬೇಕು, ಅಣ್ಣನ ಮುಖವಿರುವ ಬಿಲ್ಲೆ ಹುಡುಕಬೇಕು, ಅಷ್ಟು ಗೊತ್ತು. ಅಣ್ಣ ತಿಮ್ಮಪ್ಪ ಇರುವುದು ಬುಕ್ಕಾಂಬುಧಿಯಲ್ಲಿ, ಅವರಪ್ಪನ ಮನೆಯಲ್ಲೇ. ಮೊದಲೆಲ್ಲ ವರ್ಷಕ್ಕೆ ಮೂರು ನಾಲ್ಕು ಸಲ ಬಸ್ಸು ಹತ್ತಿ ಹೋಗುತ್ತಿದ್ದವಳು ಈಗ ಎರಡು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಯಾರಾದರೂ ಕೇಳಿದರೆ, "ದಿನಾ ಮಕ ನೋಡ್ತೀನಲ್ಲ, ಬಸ್ಸಲ್ಲಿ ಯಾಕೆ ಕುಲುಕಾಡ್ಕೊಂಡ್ ಹೋಗ್ಲಿ?" ಎನ್ನುತ್ತಿದ್ದಳು.

ಅದು ನಿಜವೇ. ದಿನಾ ದೀಪ ಹಚ್ಚುವ ಹೊತ್ತಿಗೆ ತಿಮ್ಮಪ್ಪ ವಿಡಿಯೋ ಕಾಲ್ ಮಾಡುತ್ತಿದ್ದ. ಏನು ಸಾರು, ಮಳೆ ಬಂತಾ, ಮೊಣಕಾಲು ಹೇಗಿದೆ, ಇಷ್ಟೇ ಮಾತು. ಯುಗಾದಿ ಕಳೆದ ಮೇಲೆ ಶಾಲೆಯಲ್ಲಿ ಸಾಂಬಾರಿನ ಪಾತ್ರೆ ಇಳಿಸುವಾಗ ಹುಲಿಯಮ್ಮನ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಅದನ್ನು ಅಣ್ಣನಿಗೆ ಹೇಳಿರಲಿಲ್ಲ. ಎಡಗೈಯಲ್ಲಿ ಫೋನು ಹಿಡಿದು ನಗುತ್ತಾ ಮಾತಾಡುತ್ತಿದ್ದಳು. ಅಷ್ಟು ದೂರದಲ್ಲಿ ಕೂತವನ ಜೀವ ಯಾಕೆ ತಿನ್ನಬೇಕು ಎಂದು ಅವಳ ಲೆಕ್ಕ.

ಆ ದಿನ ಬೆಳಿಗ್ಗೆ ಶಾಲೆಯ ಅಡುಗೆ ಮನೆಯಲ್ಲಿ ಅಕ್ಕಿ ನೆನೆಹಾಕಿ, ಒಲೆ ಹಚ್ಚುವ ಮೊದಲು ಸುಮ್ಮನೆ ಸ್ಟೇಟಸ್ ನೋಡಲು ಕೂತಳು. ಅಣ್ಣನ ಮಗ ತಿಪ್ಪೇಶ ಏನೋ ಹಾಕಿದ್ದ. ಒತ್ತಿದಳು. ಪರದೆಯ ತುಂಬ ತಿಮ್ಮಪ್ಪನ ಮುಖ. ಬಿಳಿ ಅಂಗಿ, ಮಧುಶ್ರೀ ಮದುವೆಯಲ್ಲಿ ತೆಗೆಸಿದ ಫೋಟೋ. ಫೋಟೋದ ಸುತ್ತ ಹೂವಿನ ಹಾರ, ಎರಡು ಪಕ್ಕದಲ್ಲಿ ಉರಿಯುವ ದೀಪ, ಕೆಳಗೆ ದಪ್ಪ ಅಕ್ಷರ, ಹಿಂದೆ ಮೆಲ್ಲನೆ ಕೊಳಲು.

ಹುಲಿಯಮ್ಮ ಅದನ್ನು ಇನ್ನೊಂದು ಸಲ ಒತ್ತಿ ನೋಡಿದಳು.

ಹೋದ ತಿಂಗಳು ಅವಳ ಜೊತೆ ಅಡುಗೆ ಮಾಡುವ ಮಾಲಿನಿಯ ಮಾವ ತೀರಿಕೊಂಡಾಗ ಅವರ ಮನೆಯವರೂ ಹೀಗೇ ಹಾಕಿದ್ದರು. ಅದೇ ಹಾರ, ಅದೇ ದೀಪ. ಬದುಕಿರುವ ಮನುಷ್ಯನಿಗೆ ಯಾರು ಹಾರ ಹಾಕಿ ದೀಪ ಇಡುತ್ತಾರೆ? ಹುಟ್ಟಿದ ದಿನ ಅನ್ನುವ ಮಾತು ಅವಳ ತಲೆಗೆ ಬರಲೇ ಇಲ್ಲ. ಅವರ ಮನೆಯಲ್ಲಿ ಯಾರು ಯಾವತ್ತು ಹುಟ್ಟಿದರು ಎಂಬುದು ಹೆತ್ತವಳಿಗೂ ನೆನಪಿರಲಿಲ್ಲ.

ಅಣ್ಣನಿಗೆ ಫೋನು ಮಾಡಿದಳು. ಸ್ವಿಚ್ ಆಫ್. ತಿಪ್ಪೇಶನಿಗೆ ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತುಹೋಯಿತು. ಇನ್ನೊಂದು ಸಲ ಮಾಡಿದರೂ ಅಷ್ಟೇ.

"ಏನಾಯ್ತಕ್ಕ? ಯಾಕಂಗೆ ಕೂತ್ಬಿಟ್ರಿ?" ಎಂದು ಮಾಲಿನಿ ತರಕಾರಿ ಬಿಟ್ಟು ಎದ್ದಳು. "ಏನ್ ಬಂದೈತೆ ಫೋನಲ್ಲಿ, ಕೊಡಿ ಓದ್ತೀನಿ."

ಹುಲಿಯಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು. ಕೊಟ್ಟರೆ ಮಾಲಿನಿ ಓದುತ್ತಾಳೆ, ಓದಿದರೆ ಅದು ನಿಜವಾಗಿಬಿಡುತ್ತದೆ. ಯಾರ ಬಾಯಿಂದಲೂ ಆ ಮಾತು ಹೊರಡದಿದ್ದರೆ ಅಷ್ಟು ಹೊತ್ತಾದರೂ ಅಣ್ಣ ಇರುತ್ತಾನೆ ಅನ್ನಿಸಿತು ಅವಳಿಗೆ. ಹುಚ್ಚು ಅನ್ನಿ ಬೇಕಾದರೆ, ಆದರೆ ಭಯ ಬಿದ್ದವರ ಬುದ್ಧಿ ಹೀಗೇ ಓಡುವುದು.

"ಒಲೆ ನೀನೇ ನೋಡ್ಕೊಳವ್ವ. ಊರಿಗೆ ಹೋಗ್ಬೇಕು," ಎಂದಷ್ಟೇ ಹೇಳಿ ಹೊರಟಳು.

ಕಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊದಲು ಮಾಡಿದ ಕೆಲಸ, ಮುಡಿಯಲ್ಲಿದ್ದ ಕನಕಾಂಬರ ಕಿತ್ತು ಹೊರಗೆ ಎಸೆದದ್ದು. ಸಾವಿನ ಮನೆಗೆ ಹೂ ಮುಡಿದು ಹೋಗಬಾರದು. ಎಸೆದ ಮೇಲೆ ಅದಕ್ಕೂ ಹೆದರಿದಳು. ಬದುಕಿದ್ದರೆ? ಅಪಶಕುನ ನಾನೇ ಮಾಡಿದೆನಲ್ಲ! ಕಡೂರಿನಲ್ಲಿ ಇಳಿದು ಅಜ್ಜಂಪುರದ ಬಸ್ಸು ಹಿಡಿದಳು. ಹಣ್ಣಿನ ಗಾಡಿಯ ಮುಂದೆ ಒಂದು ಗಳಿಗೆ ನಿಂತು, ಕೊಳ್ಳಲೂ ಆಗದೆ ಬಿಡಲೂ ಆಗದೆ, ಬರಿಗೈಯಲ್ಲೇ ಹತ್ತಿದ್ದಳು.

ಬೀರೂರು ದಾಟಿದ ಮೇಲೆ ಒಂದೊಂದೇ ನೆನಪಾಗತೊಡಗಿತು. ಎರಡು ತಿಂಗಳಿಂದ ಅವಳಾಗಿ ಫೋನು ಮಾಡಿದರೆ ಆ ಕಡೆಯವರು ಎತ್ತುತ್ತಿರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಅವರೇ ಮಾಡುತ್ತಿದ್ದರು. ಮೊದಲ ಕೆಲವು ದಿನ ನೆಟ್‌ವರ್ಕ್ ಇಲ್ಲ ಎಂದು ಅಣ್ಣ ಬರೀ ಮಾತಾಡಿದ್ದ, ಮುಖ ತೋರಿಸಿರಲಿಲ್ಲ. ಆಮೇಲೆ ಯಾವಾಗಲೂ ಅದೇ ಗೋಡೆಗೆ, ಅದೇ ಕ್ಯಾಲೆಂಡರಿಗೆ ಒರಗಿ ಕೂತಿರುತ್ತಿದ್ದ. ಕೆರೆ ಏರಿ ತೋರಿಸು ಎಂದರೆ ನಾಳೆ ಎನ್ನುತ್ತಿದ್ದ. ಮುಖ ಸಣ್ಣಗಾಗಿದೆ ಎಂದರೆ ಫೋನೇ ಹಂಗೆ ಕಣೇ ಎಂದು ನಗುತ್ತಿದ್ದ. ಏನೋ ಇತ್ತು. ಕಣ್ಣೆದುರೇ ಇತ್ತು, ತನಗೆ ತಿಳಿಯಲಿಲ್ಲ. ಮಣ್ಣು ಮಾಡುವ ಮೊದಲು ಒಂದು ಸಲ ಮುಖ ಸಿಗಲಪ್ಪ ಎಂದು ಕಂಡ ಗುಡಿಗೆಲ್ಲ ಕೈ ಮುಗಿದಳು. ಕಿಸೆಯಷ್ಟು ಅಗಲದ ಪರದೆಯಲ್ಲಿ ಎರಡು ವರ್ಷ ನೋಡಿದ ಮುಖ ಅವಳಿಗೆ ಈಗ ಲೆಕ್ಕಕ್ಕೇ ಬರಲಿಲ್ಲ.

ಅಜ್ಜಂಪುರದಿಂದ ಆಟೋ ಹಿಡಿದು, ಬುಕ್ಕಾಂಬುಧಿಯಲ್ಲಿ ಇಳಿದು ಬೀದಿಗೆ ಬಂದರೆ ಜನವಿಲ್ಲ. ಶಾಮಿಯಾನ ಇಲ್ಲ, ಮನೆ ಮುಂದೆ ಬೆಂಕಿ ಇಲ್ಲ. ಬೇರೆ ಯಾರಿಗಾದರೂ ಸಮಾಧಾನ ಆಗಬೇಕಿತ್ತು. ಹುಲಿಯಮ್ಮ ಬೇರೆಯೇ ತಿಳಿದಳು. ಎಲ್ಲ ಮುಗಿಸಿಬಿಟ್ಟಿದ್ದಾರೆ! ತನ್ನನ್ನು ಕಾಯದೆ ಮಣ್ಣು ಮಾಡಿಬಿಟ್ಟಿದ್ದಾರೆ. ಹೊಸ್ತಿಲ ಹತ್ತಿರ ನೋಡಿದಳು. ಯಾವಾಗಲೂ ಇರುತ್ತಿದ್ದ ಅಣ್ಣನ ದಪ್ಪ ಅಟ್ಟೆಯ ಚಪ್ಪಲಿಗಳೂ ಇರಲಿಲ್ಲ. ಸತ್ತವರ ಚಪ್ಪಲಿ ಮನೆಯಲ್ಲಿ ಇಡುವುದಿಲ್ಲ.

ಅವಳು ಬಾಗಿಲ ಕಂಬ ಹಿಡಿದು ಬಾಯಿ ತೆರೆದಳು. ಅಳು ಹೊರಡುವುದಕ್ಕೂ ಮೊದಲು ಒಳಗಿನಿಂದ ದನಿ ಬಂತು.

"ಯಾರದು? ಲೇ ತಿಪ್ಪೇಶ, ಯಾರೋ ಬಂದವ್ರೆ ನೋಡೋ!"

ಅಣ್ಣನ ದನಿ. ಹುಲಿಯಮ್ಮ ಒಳಗೆ ನುಗ್ಗಿದಳು. ತಿಮ್ಮಪ್ಪ ಮಂಚದ ಮೇಲೆ, ಅದೇ ಕ್ಯಾಲೆಂಡರಿನ ಕೆಳಗೆ, ಸೊಂಟದವರೆಗೆ ಕಂಬಳಿ ಹೊದ್ದು ಕೂತಿದ್ದ. ಪಕ್ಕದ ತಟ್ಟೆಯಲ್ಲಿ ಅರ್ಧ ತಿಂದ ಕೇಕು. ತಂಗಿಯನ್ನು ಕಂಡವನ ಮುಖ ಬಿಳಿಚಿಕೊಂಡಿತು.

"ನೀ ಯಾಕೆ ಬಂದೆ?" ಎಂದ.

"ಸತ್ತೋದೆ ಅಂತ ಬಂದೆ ಕಣೋ!" ಎಂದು ಕಿರುಚಿ ಅವಳು ನೆಲದ ಮೇಲೆ ಕುಸಿದಳು. ಹಾರ ಹಾಕಿ, ದೀಪ ಇಟ್ಟು ಫೋಟೋ ಹಾಕಿದ್ದು ಯಾಕೆ ಎಂದು ಅಳುತ್ತಾ ಕೇಳಿದಳು. ತಿಪ್ಪೇಶ ಹಿತ್ತಲಿಂದ ಓಡಿಬಂದು, ಅದು ಹುಟ್ಟುಹಬ್ಬದ ಶುಭಾಶಯ ಅತ್ತೆ, ಆಧಾರ್ ಕಾರ್ಡಲ್ಲಿರೋ ತಾರೀಖು, ಎಂದು ತೊದಲಿದ. ಬೆಳಿಗ್ಗೆಯಿಂದ ಅವರಿವರ ಫೋನು ಬಂದು ಬಂದು ಅಪ್ಪನ ಮೊಬೈಲು ಚಾರ್ಜ್ ಮುಗಿದು ಆಫ್ ಆಗಿತ್ತಂತೆ.

ಅಳು ಮುಗಿದು ಹುಲಿಯಮ್ಮನಿಗೆ ಸಿಟ್ಟು ಬಂತು. ಅವಳು ತವರಿಗೆ ಬಂದಾಗಲೆಲ್ಲ ತಿಮ್ಮಪ್ಪ ತಾನೇ ಚೊಂಬು ಹಿಡಿದು ಬಂದು ಅವಳ ಕಾಲಿಗೆ ನೀರು ಕೊಡುತ್ತಿದ್ದ. ಅತ್ತಿಗೆ ಕೊಡಲು ಬಂದರೂ ಬಿಡುತ್ತಿರಲಿಲ್ಲ. ಇವತ್ತು ಮಂಚ ಬಿಟ್ಟು ಅಲ್ಲಾಡಿರಲಿಲ್ಲ.

"ಸಾಯೋಷ್ಟು ಹೆದರ್ಕೊಂಡ್ ಬಂದೀನಿ. ಎದ್ದು ಒಂದ್ ಚೊಂಬು ನೀರು ಕೊಡಾಕಾಗಲ್ವಾ ನಿಂಗೆ?"

ತಿಪ್ಪೇಶ ನೆಲ ನೋಡಿದ. ಆಗ ಹುಲಿಯಮ್ಮನ ಕಣ್ಣು ಕಂಬಳಿಯ ಮೇಲೆ ಬಿತ್ತು. ಒಂದು ಕಡೆ ಕಂಬಳಿ ಮಂಚದ ಉದ್ದಕ್ಕೂ ಉಬ್ಬಿತ್ತು. ಇನ್ನೊಂದು ಕಡೆ ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು.

"ಮುಳ್ಳು ಚುಚ್ಚಿತ್ತು ಕಣೇ," ಎಂದ ತಿಮ್ಮಪ್ಪ. "ಸಕ್ಕರೆ ಕಾಯ್ಲೆ, ಮಾಗ್ಲಿಲ್ಲ. ಶಿವಮೊಗ್ಗದಲ್ಲಿ ತೆಗೆದ್ರು. ಉಳಿಯೋದೇ ಅನುಮಾನ ಅಂದಿದ್ರು. ಉಳ್ಕೊಂಡ್ನಲ್ಲ, ಅದ್ಕೇ ಹುಡುಗ್ರು ಕೇಕು ಗೀಕು ಅಂತ ಆಡಿದ್ರು. ನಿಂಗೆ ಹೇಳ್ಬೇಡಿ, ಅವಳಾಗಿ ಫೋನ್ ಮಾಡಿದ್ರೆ ಎತ್ಲೂಬೇಡಿ ಅಂತ ನಾನೇ ಅಂದಿದ್ದೆ. ನಿನ್ ಪುಕ್ಕಲು ಎದೆ ನಂಗೊತ್ತಿಲ್ವಾ?"

ಹುಲಿಯಮ್ಮ ಎದ್ದು ಮಂಚದ ಹತ್ತಿರ ಹೋದಳು. ಕಂಬಳಿಯ ಚಪ್ಪಟೆ ಜಾಗವನ್ನು ಎಡಗೈಯಿಂದ ಮುಟ್ಟಿದಳು. ದಿನಾ ಸಂಜೆ ತಾನು ಮೊಣಕಾಲು ನೋವು ಎಂದು ಗೋಳಾಡಿದ್ದು, ಅವನು ಎಣ್ಣೆ ಹಚ್ಚು ಎಂದದ್ದು, ಎಲ್ಲ ನೆನಪಾಯಿತು.

"ಇನ್ಮೇಲೆ ಫೋನ್ ಮಾಡಿದ್ರೆ ಮೊದ್ಲು ಕಾಲು ತೋರ್ಸು," ಎಂದಳು. "ಆಮೇಲೆ ಮಕ."

ತಿಮ್ಮಪ್ಪ ಅವಳನ್ನೇ ನೋಡಿದ. "ಆ ಕೈ ಯಾಕೆ ಸೆರಗಲ್ಲಿ ಮುಚ್ಕೊಂಡಿದ್ದೀಯ?"

ಅವಳು ಕೈಯನ್ನು ಇನ್ನಷ್ಟು ಒಳಗೆಳೆದುಕೊಂಡಳು. ಅವನೇ ಬಗ್ಗಿ ಸೆರಗು ಸರಿಸಿದ. ಮೊಣಕೈವರೆಗೆ ಸುಕ್ಕುಗಟ್ಟಿದ, ಇನ್ನೂ ಕೆಂಪಗಿದ್ದ ಚರ್ಮ. ಅವನು ಬಹಳ ಹೊತ್ತು ಆ ಕೈಯನ್ನು ಬಿಡಲಿಲ್ಲ.

"ಇನ್ನೇನ್ ಮುಚ್ಚಿಟ್ಟಿದ್ದೀಯೆ, ತಂಗ್ಯವ್ವ?" ಎಂದ ಕೊನೆಗೆ. ಬೆಳಿಗ್ಗೆಯಿಂದ ಅವಳ ಹೊಟ್ಟೆಯಲ್ಲಿದ್ದ ಭಯವೇ ಈಗ ಅವನ ದನಿಯಲ್ಲಿತ್ತು.